ಐದು ಎಲೆ, ಎರಡು ಅಡಿಕೆ

ವಿಜಾಪುರ
೧೨ ಜೂನ್ ೧೯೪೬

ಚಿ. ಶಂಕ್ರೆವ್ವಗೆ ಅಣ್ಣ ಶಿವಯೋಗೆಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಅತ್ತೆ ಗುರುಬಸವ್ವನವರ ಮೊಣಕಾಲು ನೋವು ಹೇಗಿದೆ, ತಿಳಿಸು. ನಾಲ್ಕು ತಿಂಗಳು ಪತ್ರ ಬರೆಯದವನು ಈಗ ಯಾಕೆ ಬರೆದ ಎಂದು ನೀನು ನಗುತ್ತಿರಬಹುದು. ನಕ್ಕುಬಿಡು. ಈ ಸಲ ನನ್ನ ಸ್ವಾರ್ಥವೇ ಇದೆ.

ಇಲ್ಲಿ ನಾವು ಏಳು ಜನ ಮಾಸ್ತರರು ಸೇರಿ ಒಂದು ಶಬ್ದ ಮಂಡಳಿ ಮಾಡಿಕೊಂಡಿದ್ದೇವೆ. ಇಂದಲ್ಲ ನಾಳೆ ಕಚೇರಿಯ ಕೆಲಸ ಕನ್ನಡದಲ್ಲಿ ನಡೆಯಲೇಬೇಕು, ಆಗ ಶಬ್ದಗಳಿಗಾಗಿ ತಡಕಾಡಬಾರದು ಎಂದು ಒಂದು ಪಟ್ಟಿ ಸಿದ್ಧಮಾಡುತ್ತಿದ್ದೇವೆ. ನನ್ನ ಪಾಲಿಗೆ ಬಂದದ್ದು ಒಂದು ಮೊಂಡು ಶಬ್ದ. ಸರಕಾರ ಒಪ್ಪಿ, ಸಹಿ ಹಾಕಿ, ಇನ್ನು ಇದಕ್ಕೆ ತಂಟೆಯಿಲ್ಲ ಎಂದು ಬಿಟ್ಟ ಕಾಗದ, ಕೆಲಸ, ವಸ್ತು ಎಲ್ಲಕ್ಕೂ ಹೇಳುವಂಥದ್ದು. ಕಚೇರಿಯಲ್ಲಿ ‘ಮಂಜೂರ’ ಅನ್ನುತ್ತೇವೆ. ಅದು ಹೊರಗಿನದು, ನಮ್ಮದೇ ಶಬ್ದ ಬೇಕು ಎಂದು ಮಂಡಳಿಯ ಹಿರಿಯರ ಹಟ.

ನಿಮ್ಮ ಓಣಿಯಲ್ಲಿ, ಬಾವಿಯ ಹತ್ತಿರ, ಸಂತೆಯಲ್ಲಿ ಜನ ಇದಕ್ಕೆ ಏನೆನ್ನುತ್ತಾರೆ? ಕೇಳಿ ಬರೆ. ನಾಲ್ಕನೆಯ ಇಯತ್ತೆಯವರೆಗೆ ನಿನಗೆ ಬಳಪ ಹಿಡಿಸಿದ್ದಕ್ಕೆ ಇಷ್ಟಾದರೂ ಗುರುದಕ್ಷಿಣೆ ಬೇಡವೇ? ಆಡುವ ಹಾಗೆ ಬರೆಯಬೇಡ. ಪುಸ್ತಕದ ಹಾಗೆ ಬರೆ.

ನಿನ್ನ ಅಣ್ಣ
ಶಿವಯೋಗೆಪ್ಪ


ತಿಕೋಟಾ
೨೩ ಜೂನ್ ೧೯೪೬

ಅಣ್ಣನವರಿಗೆ ಶಂಕ್ರೆವ್ವ ಮಾಡುವ ಶರಣು.

ಪತ್ರ ತಲುಪಿತು. ಅತ್ತೆಯವರ ಮೊಣಕಾಲು ಮಳೆ ಬರುವ ಮೊದಲೇ ಮಳೆ ಹೇಳುತ್ತದೆ. ಈ ವರ್ಷ ಅದೂ ಸುಳ್ಳು ಹೇಳುತ್ತಿದೆ.

ನೀವು ಹೇಳಿದಂತೆ ಪುಸ್ತಕದ ಹಾಗೆಯೇ ಬರೆಯುತ್ತಿದ್ದೇನೆ. ಮೊದಲನೆಯ ಶಬ್ದ ‘ಛಾಪಾ’, ಸರಕಾರದ ಮುದ್ರೆ. ಸರಕಾರಿ ಧಾನ್ಯದ ಅಂಗಡಿಯ ರಸೂಲಸಾಬ ಮೊನ್ನೆ ಜೋಳ ಅಳೆಯುವಾಗ, “ಛಾಪಾ ಬಿದ್ದ ಸೇರ ಐತಿ ಬೇ, ಇದರಾಗ ಮೋಸ ನಡ್ಯೂದಿಲ್ಲ” ಎಂದ. ಅತ್ತೆಯವರು, “ಸೇರಿಗೆ ಛಾಪಾ ಐತಿ, ಖರೆ. ನಿನ್ನ ಕೈಗೆ ಐತೇನೋ ಯಪ್ಪಾ?” ಎಂದು ಕೇಳಿದರು. ಅಂಗಡಿಯ ಮುಂದೆ ನಿಂತವರೆಲ್ಲ ನಕ್ಕರು. ಅವನೂ ನಕ್ಕು ಒಂದು ಹಿಡಿ ಹೆಚ್ಚು ಹಾಕಿದ.

ಎರಡನೆಯದು ‘ಹಚ್ಚಿಕೊಳ್ಳುವುದು’. ನಮ್ಮ ಎಮ್ಮೆಯ ಕರು ಸತ್ತಿತು. ಬೇರೆ ಕರುವನ್ನು ತಂದು ಬಿಟ್ಟರೆ ಎರಡು ದಿನ ಒದ್ದಿತು, ಮೂರನೆಯ ದಿನ ಮೂಸಿ ನೋಡಿ ಮೈ ನೆಕ್ಕಿತು. ಆಗ ಅತ್ತೆಯವರು, “ಹಚ್ಚಿಕೊಂಡ್ತು ನೋಡು” ಎಂದರು. ಒಪ್ಪುವುದೆಂದರೆ ಇದೇ ಅಲ್ಲವೇ?

ಪಕ್ಕದ ಮನೆಗೆ ಬಬಲೇಶ್ವರದಿಂದ ಒಂದು ತಾಯಿಯಿಲ್ಲದ ಕೂಸು ಬಂದಿದೆ. ರೇಣುಕವ್ವ ಎಂದು ಹೆಸರು, ನಾಲ್ಕು ವರ್ಷ. ತಂದೆ ಗುರಲಿಂಗಪ್ಪನವರು ಹೊಲ ಮನೆ ಇದ್ದವರು, ಕೂಸನ್ನು ತಂಗಿಯ ಮನೆಯಲ್ಲಿ ಬಿಟ್ಟು ಎಂಟು ದಿನಕ್ಕೊಮ್ಮೆ ಬಂದು ಹೋಗುತ್ತಾರೆ. ಅದು ತನ್ನ ಸೋದರತ್ತೆಯ ಕೈಯಿಂದ ಉಣ್ಣುವುದಿಲ್ಲ, ನಮ್ಮ ಕಟ್ಟೆಗೆ ಬಂದು ನನ್ನ ಕೈಯಿಂದಲೇ ಉಣ್ಣುತ್ತದೆ. ಯಾಕೋ ಗೊತ್ತಿಲ್ಲ.

ಶಂಕ್ರೆವ್ವ


ವಿಜಾಪುರ
೨ ಜುಲೈ ೧೯೪೬

ಚಿ. ಶಂಕ್ರೆವ್ವಗೆ ಆಶೀರ್ವಾದಗಳು.

ನಿನ್ನ ಅತ್ತೆಯವರ ಮಾತನ್ನು ಮಂಡಳಿಯಲ್ಲಿ ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಛಾಪಾ ಕೂಡ ಹೊರಗಿನ ಶಬ್ದವೇ ಎಂದು ಹಿರಿಯರು ಹೊಡೆದುಹಾಕಿದರು. ‘ಹಚ್ಚಿಕೊಳ್ಳುವುದು’ ದನಕರುಗಳ ಮಾತು, ಕಚೇರಿಗೆ ಬರುವುದಿಲ್ಲ.

ಈಗ ನಮ್ಮ ಮುಂದೆ ನಾಲ್ಕು ಶಬ್ದಗಳಿವೆ. ಸಮ್ಮತ ಎಂದರೆ ಮನಸ್ಸು ಒಪ್ಪಿದ್ದು, ಆದರೆ ಮನಸ್ಸಿಗೆ ಸಹಿ ಇಲ್ಲವಲ್ಲ. ಮಾನ್ಯ ಎಂದರೆ ಮರ್ಯಾದೆ ಉಳ್ಳದ್ದು. ಅನುಮೋದಿತ ಎಂದರೆ ಇನ್ನೊಬ್ಬರು ಹೇಳಿದ್ದಕ್ಕೆ ತಾನೂ ಹೂಂ ಅಂದದ್ದು. ನನ್ನ ಒಲವು ಅಂಗೀಕೃತದ ಕಡೆಗೆ. ಅಂಗೀಕರಿಸುವುದೆಂದರೆ ಹೊರಗಿನದನ್ನು ತನ್ನ ಮೈಯ ಭಾಗವೇ ಮಾಡಿಕೊಳ್ಳುವುದು, ಎಷ್ಟು ದೊಡ್ಡ ಮಾತು ನೋಡು! ಇದರ ಮೇಲೆ ಮೂರು ಸಂಜೆ ವಾದ ಮಾಡಿದ್ದೇನೆ, ಗಂಟಲು ಕಟ್ಟಿದೆ.

ಇನ್ನೂ ಶಬ್ದ ಇದ್ದರೆ ಕಳುಹಿಸು. ಪರರ ಕೂಸನ್ನು ಬಹಳ ಸಲಿಗೆಗೆ ಬಿಟ್ಟುಕೊಳ್ಳಬೇಡ. ನಾಳೆ ಕರೆದುಕೊಂಡು ಹೋದರೆ ಅಳುವವಳು ನೀನು.

ಶಿವಯೋಗೆಪ್ಪ


ತಿಕೋಟಾ
೧೯ ಜುಲೈ ೧೯೪೬

ಅಣ್ಣನವರಿಗೆ ಶರಣು.

ಮೂರನೆಯ ಶಬ್ದ ‘ಕಬೂಲ’. ಹಿಂದಿನ ಓಣಿಯ ದಾವಲಬಿಯ ಮಗಳು ಮುಮತಾಜಳ ಮದುವೆ ಆಯಿತು, ನಾನು ಹೆಂಗಸರ ಕಡೆ ಕುಳಿತಿದ್ದೆ. ಹುಡುಗಿಯನ್ನು ಕೇಳಿದರು. ಅವಳು ಕಬೂಲ ಎಂದಮೇಲೆಯೇ ಮುಂದಿನದು. ಅವಳ ಬಾಯಿಂದಲೇ ಕೇಳುತ್ತಾರೆ ಅಣ್ಣಾ. ಅವಳು ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಹೇಳಿದಳು. ಮನೆಗೆ ಬಂದಮೇಲೂ ಬಹಳ ಹೊತ್ತು ಅದೇ ಕಿವಿಯಲ್ಲಿತ್ತು.

ಇನ್ನೊಂದು ಸಂಗತಿ. ಮೊನ್ನೆ ಬಬಲೇಶ್ವರದ ಈರಯ್ಯನವರು ಬಂದಿದ್ದರು. ಆ ಊರಿನಲ್ಲಿ ಮದುವೆ ಕಾರ್ಯ ನಡೆಸಿಕೊಡುವ ಅಯ್ಯನವರು. ಅತ್ತೆಯವರ ಜೊತೆ ಕಟ್ಟೆಯ ಮೇಲೆ ಕುಳಿತು ಮಾತಾಡಿದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಬಡಿಯುವುದನ್ನು ನಿಲ್ಲಿಸಿದೆ. “ಗುರಲಿಂಗಪ್ಪ ನಿಮ್ಮ ಸೊಸಿನ್ನ ಉಡಿಕಿ ಮಾಡಿಕೋಬೇಕಂತಾನ. ಕೂಸು ಇಲ್ಲೇ ಹೊಂದಿಕೊಂಡೈತಿ. ನಿಮ್ಮ ಮನಸ್ಸಿನಾಗ ಏನೈತಿ ತಾಯಿ?” ಎಂದರು. ಅತ್ತೆಯವರು, “ಮಗನ್ನ ಮಣ್ಣಿಗೆ ಕೊಟ್ಟೀನಿ. ಸೊಸಿನ್ನೂ ಜೀವಂತ ಮಣ್ಣಾಗ ಇಡ್ಲೇನ್ರಿ? ನನ್ನದೇನೂ ಅಡ್ಡಿಲ್ಲ. ಆಕೀ ತವರಿನವರು ಒಪ್ಪಬೇಕು” ಎಂದರು.

ಅವರು ಹೋದಮೇಲೆ ಅತ್ತೆಯವರು ಒಳಗೆ ಬಂದು, “ನಿಮ್ಮಣ್ಣಗ ಬರಿ ಬೇ” ಎಂದರು. ಏನು ಬರೆಯಬೇಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದದ್ದನ್ನು ಆದಹಾಗೆ ಬರೆದಿದ್ದೇನೆ. ಗಂಡ ಸತ್ತು ಆರು ವರ್ಷವಾಯಿತು. ನನಗೀಗ ಇಪ್ಪತ್ತಾರು.

ಶಂಕ್ರೆವ್ವ


ವಿಜಾಪುರ
೫ ಆಗಸ್ಟ್ ೧೯೪೬

ಚಿ. ಶಂಕ್ರೆವ್ವಗೆ ಆಶೀರ್ವಾದಗಳು.

ತಡವಾಯಿತು. ಶಾಲೆಯ ತಪಾಸಣೆ ಇತ್ತು. ಕಬೂಲ ಒಳ್ಳೆಯ ಶಬ್ದ, ಉದಾಹರಣೆಯೂ ಚೆನ್ನಾಗಿದೆ. ಆದರೆ ಮಂಡಳಿಗೆ ನಡೆಯುವುದಿಲ್ಲ.

ಒಂದು ಶುಭ ಸಮಾಚಾರ. ನಮ್ಮ ದೊಡ್ಡ ಮಗಳನ್ನು ನೋಡಲು ಬಾಗಲಕೋಟೆಯಿಂದ ಬಂದು ಹೋದರು. ಅರಳೆ ವ್ಯಾಪಾರದ ಮನೆತನ, ಹೆಸರುವಾಸಿ. ಹುಡುಗ ಮ್ಯಾಟ್ರಿಕ್ ಆಗಿದ್ದಾನೆ. ದೊಡ್ಡವರ ಮನೆ ಎಂದಮೇಲೆ ಎಲ್ಲವನ್ನೂ ಕೆದಕಿ ಕೇಳುತ್ತಾರೆ. ನಿನ್ನ ಅತ್ತಿಗೆಗೆ ಈ ಸಂಬಂಧ ಕೈತಪ್ಪುವುದೋ ಎಂದು ನಿದ್ದೆಯಿಲ್ಲ.

ಊರ ಜನ ಕಟ್ಟೆಯ ಮೇಲೆ ಕುಳಿತು ನೂರು ಮಾತಾಡುತ್ತಾರೆ, ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅತ್ತೆಯವರ ಸೇವೆ ಮಾಡಿಕೊಂಡಿರು. ಇನ್ನು ಶಬ್ದ ಇದ್ದರೆ ಬರೆ, ಇಲ್ಲದಿದ್ದರೆ ತೊಂದರೆ ತೆಗೆದುಕೊಳ್ಳಬೇಡ.

ಶಿವಯೋಗೆಪ್ಪ


ತಿಕೋಟಾ
೨೧ ಆಗಸ್ಟ್ ೧೯೪೬

ಅಣ್ಣನವರಿಗೆ ಶರಣು.

ಮಗಳ ಸಂಬಂಧ ಕೂಡಿ ಬರಲಿ. ಅವಳಿಗೆ ಒಳ್ಳೆಯದಾಗಲಿ ಎಂದು ದಿನಾಲೂ ಬೇಡುತ್ತೇನೆ.

ನಾಲ್ಕನೆಯದು ಶಬ್ದವಲ್ಲ, ಒಂದು ಗಂಟು. ಗಂಡ ಸತ್ತವಳ ಮರುಮದುವೆಗೆ, ಉಡಿಕೆಗೆ, ಮಾತು ಬಂದಾಗ ಹೆಣ್ಣಿನ ತವರಿಗೆ ಎಲೆ ಅಡಿಕೆ ಕಟ್ಟಿ ಕಳುಹಿಸುತ್ತಾರೆ. ತವರಿನವರು ಬಾಯಿಂದ ಹೂಂ ಅನ್ನುವುದೂ ಇಲ್ಲ, ಉಹೂಂ ಅನ್ನುವುದೂ ಇಲ್ಲ. ಗಂಟು ಅಲ್ಲಿಯೇ ಉಳಿದರೆ ಒಪ್ಪಿದಂತೆ. ತಿರುಗಿ ಬಂದರೆ ಆ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಸರಕಾರದ ಸಹಿಗಿಂತ ಗಟ್ಟಿ ಇದು.

ಈರಯ್ಯನವರು ಎಲೆ ಅಡಿಕೆ ತಂದುಕೊಟ್ಟರು. ಗಂಟು ನಾನೇ ಕಟ್ಟಿದ್ದೇನೆ. ಅವ್ವನ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಕಟ್ಟಿದ್ದೇನೆ, ಗುರುತು ಸಿಗುತ್ತದೆ. ಸರ್ವಿಸ್ ಮೋಟಾರು ಓಡಿಸುವ ಬಾಬುಸಾಬರ ಕೈಯಲ್ಲಿ ಈ ಪತ್ರದ ಜೊತೆಗೇ ಕೊಟ್ಟಿದ್ದೇನೆ. ಇದ್ದಿಲ ಹೊಗೆಯಿಂದ ಓಡುವ ಗಾಡಿ, ಅಥಣಿ ರಸ್ತೆಯ ಏರಿನಲ್ಲಿ ನಿಂತರೂ ನಿಂತೀತು. ಸಂಜೆಯೊಳಗೆ ಮುಟ್ಟಿಸುತ್ತೇನೆ ಎಂದಿದ್ದಾರೆ.

ಇಟ್ಟುಕೊಳ್ಳಿರಿ ಅಣ್ಣಾ.

ಶಂಕ್ರೆವ್ವ


ವಿಜಾಪುರ
೨೪ ಆಗಸ್ಟ್ ೧೯೪೬

ಚಿ. ಶಂಕ್ರೆವ್ವಗೆ ಆಶೀರ್ವಾದಗಳು.

ಬಾಬುಸಾಬ ಗಂಟು ಮುಟ್ಟಿಸಿದ. ಬಹಳ ಸ್ವಾರಸ್ಯದ ಪದ್ಧತಿ. ಬಿಚ್ಚಿ ನೋಡಿ, ಎಣಿಸಿ, ಟಿಪ್ಪಣಿ ಮಾಡಿಕೊಂಡೆ. ಐದು ಎಲೆ, ಎರಡು ಅಡಿಕೆ. ಪಟ್ಟಿಯ ಕೊನೆಗೆ ‘ಹಳ್ಳಿಯ ರೂಢಿಗಳು’ ಎಂದು ಒಂದು ಪುಟ ಸೇರಿಸಿದರೆ ಇದನ್ನು ಹಾಕಬಹುದು.

ನಮ್ಮ ಮನೆಯಲ್ಲಿ ಎಲೆ ಹಾಕುವವರು ಯಾರೂ ಇಲ್ಲ, ಬಾಡಿ ಹಾಳಾಗುತ್ತವೆ. ಅವ್ವನ ಸೆರಗಿನ ತುಂಡೂ ನಿನ್ನ ಹತ್ತಿರವೇ ಇರಲಿ. ನಮೂನೆ ನೋಡಿಯಾಯಿತಲ್ಲ, ಮೊದಲಿನ ಹಾಗೆಯೇ ಕಟ್ಟಿ ಬಾಬುಸಾಬನ ಕೈಯಲ್ಲಿ ತಿರುಗಿ ಕಳುಹಿಸಿದ್ದೇನೆ. ಅನ್ಯಥಾ ಭಾವಿಸಬೇಡ.

ಶಿವಯೋಗೆಪ್ಪ


ವಿಜಾಪುರ
೩೦ ಸೆಪ್ಟೆಂಬರ್ ೧೯೪೬

ಚಿ. ಶಂಕ್ರೆವ್ವಗೆ ಆಶೀರ್ವಾದಗಳು.

ನಿನ್ನ ಪತ್ರವಿಲ್ಲ. ಮೈಯಲ್ಲಿ ಆರಾಮ ಇದೆಯೋ ಇಲ್ಲವೋ? ಬಾಬುಸಾಬನನ್ನು ಕೇಳಿದರೆ “ಕೊಟ್ಟು ಬಂದೀನ್ರಿ” ಎಂದು ಮುಖ ಆ ಕಡೆ ತಿರುಗಿಸಿದ. ಮೊದಲು ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದವನು ಈಗ ಸ್ಟ್ಯಾಂಡಿನಲ್ಲಿಯೂ ನಿಂತು ಮಾತಾಡುವುದಿಲ್ಲ.

ಮಂಡಳಿಯಲ್ಲಿ ಅಂಗೀಕೃತ ಗೆದ್ದಿತು. ಐದು ಜನ ಈ ಕಡೆ, ಇಬ್ಬರು ಆ ಕಡೆ. ಹಿರಿಯರು ನನ್ನ ಬೆನ್ನು ತಟ್ಟಿದರು. ಎರಡು ಸಾಲಾದರೂ ಬರೆ.

ಶಿವಯೋಗೆಪ್ಪ


ವಿಜಾಪುರ
೧೮ ನವೆಂಬರ್ ೧೯೪೬

ಚಿ. ಶಂಕ್ರೆವ್ವಗೆ ಆಶೀರ್ವಾದಗಳು.

ದೀಪಾವಳಿಗೆ ಕಳುಹಿಸಿದ ಸೀರೆ ಮುಟ್ಟಿತೇ? ಬಿಳಿಯದು ಬೇಡವೆಂದು ತಿಳಿ ಬೂದು ಬಣ್ಣದ್ದು ಆರಿಸಿದೆ. ಬಾಗಲಕೋಟೆಯ ಸಂಬಂಧ ಗಟ್ಟಿಯಾಯಿತು. ಆ ಗಂಟಿನ ವಿಷಯದಲ್ಲಿ ಏನಾದರೂ ತಪ್ಪು ತಿಳಿವಳಿಕೆ ಆಗಿದ್ದರೆ, ನಾನು ಪೇಟೆ ಸೇರಿ ಹದಿನೈದು ವರ್ಷವಾಯಿತು, ಹಳ್ಳಿಯ ರೂಢಿ ನನಗೆಲ್ಲಿ ನೆನಪಿರಬೇಕು?

ಶಿವಯೋಗೆಪ್ಪ


ತಿಕೋಟಾ
೨ ಡಿಸೆಂಬರ್ ೧೯೪೬

ಅಣ್ಣನವರಿಗೆ ಶರಣು.

ಸೀರೆ ಮುಟ್ಟಿತು. ಬಾಬುಸಾಬರು ಗಂಟು ತಂದ ದಿನ ಈರಯ್ಯನವರು ನಮ್ಮ ಕಟ್ಟೆಯ ಮೇಲೆಯೇ ಕುಳಿತಿದ್ದರು. ನೋಡಿ, “ಆತು ತಾಯಿ, ಇನ್ನ ನಾ ಈ ಮಾತು ಎತ್ತೂದಿಲ್ಲ” ಎಂದು ನೀರು ಸಹ ಕುಡಿಯದೆ ಎದ್ದು ಹೋದರು.

ಗುರಲಿಂಗಪ್ಪನವರಿಗೆ ಕಳ್ಳಕವಟಗಿಯ ಹೆಣ್ಣಿನ ಜೊತೆ ಉಡಿಕೆಯಾಯಿತು. ಕೂಸನ್ನು ಕರೆದುಕೊಂಡು ಹೋದರು. ಚಕ್ಕಡಿ ಹತ್ತಿಸುವಾಗ ಅದು ನನ್ನ ಸೀರೆ ಹಿಡಿದುಕೊಂಡು ಬಿಡಲಿಲ್ಲ. ಬೆರಳು ಒಂದೊಂದೇ ಬಿಡಿಸಬೇಕಾಯಿತು. ಬಿಡಿಸಿದವಳು ನಾನೇ.

ಅಳುವವಳು ನೀನು ಎಂದು ನೀವು ಮೊದಲೇ ಬರೆದಿದ್ದಿರಿ. ಅದು ನಿಜವಾಯಿತು.

ಶಂಕ್ರೆವ್ವ


ವಿಜಾಪುರ
೧೦ ಮಾರ್ಚ್ ೧೯೪೭

ಚಿ. ಶಂಕ್ರೆವ್ವಗೆ ಆಶೀರ್ವಾದಗಳು.

ಬರುವ ತಿಂಗಳು ಹದಿನೆಂಟಕ್ಕೆ ಮಗಳ ಮದುವೆ. ನಾಲ್ಕು ದಿನ ಮೊದಲೇ ಬಾ. ಸೋದರತ್ತೆ ನೀನು, ನೀನಿಲ್ಲದೆ ಹೇಗೆ? ಅಕ್ಕಿಕಾಳು ಬೀಳುವ ಹೊತ್ತಿಗೆ ಮಾತ್ರ ಬೀಗರ ಕಣ್ಣಿಗೆ ಬೀಳದ ಹಾಗೆ ಒಳಗೆ ಅಡಿಗೆಮನೆಯ ಕಡೆ ಇದ್ದರೆ ಒಳ್ಳೆಯದು ಎಂದು ನಿನ್ನ ಅತ್ತಿಗೆ ಹೇಳುತ್ತಾಳೆ. ನೀನು ತಿಳಿದವಳು, ಬೇಸರ ಮಾಡಿಕೊಳ್ಳುವುದಿಲ್ಲ ಎಂಬ ಧೈರ್ಯದಿಂದ ಬರೆದೆ.

ಶಿವಯೋಗೆಪ್ಪ


ತಿಕೋಟಾ
೯ ಏಪ್ರಿಲ್ ೧೯೪೭

ಅಣ್ಣನವರಿಗೆ ಶರಣು.

ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ, ಬರಲಾಗುವುದಿಲ್ಲ. ಮಗಳಿಗೆ ಅವ್ವನ ಬೆಳ್ಳಿ ಕಾಲುಂಗುರ ಕಳುಹಿಸಿದ್ದೇನೆ. ನನ್ನ ಹೆಸರು ಹೇಳದೆ ಕೊಡಿರಿ.

ಶಂಕ್ರೆವ್ವ


ವಿಜಾಪುರ
೪ ಫೆಬ್ರವರಿ ೧೯೪೯

ಚಿ. ಶಂಕ್ರೆವ್ವಗೆ ಅನೇಕ ಆಶೀರ್ವಾದಗಳು.

ನಿನ್ನ ಅತ್ತೆಯವರ ಮಣ್ಣಿಗೆ ಬಂದು ಹೋದಮೇಲೆ ಹತ್ತು ತಿಂಗಳಾಯಿತು. ಅಂದು ನೀನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಮೋಟಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ನೀನು ಒಬ್ಬಳೇ ಆ ಮನೆಯಲ್ಲಿ ದೀಪ ಹಚ್ಚುವುದು ಕಣ್ಣಿಗೆ ಕಟ್ಟಿತ್ತು.

ನಮ್ಮ ಪಟ್ಟಿ ಅಚ್ಚಾಯಿತು. ಒಂದು ಪ್ರತಿ ಕಳುಹಿಸಿದ್ದೇನೆ. ನಲವತ್ತೊಂದನೆಯ ಪುಟ ನೋಡು. ಅಂಗೀಕೃತ, ಅದರ ಕೆಳಗೆ ಸಮ್ಮತ, ಮಾನ್ಯ, ಅನುಮೋದಿತ. ಹಳ್ಳಿಯ ರೂಢಿಗಳ ಪುಟವನ್ನು ಕಾಗದದ ಅಭಾವದಿಂದ ಬಿಟ್ಟರು. ಕಚೇರಿಯಲ್ಲಿ ಗುಮಾಸ್ತರು ಈಗಲೂ ಮಂಜೂರ ಅನ್ನುತ್ತಾರೆ. ಮೂರು ವರ್ಷ ಗಂಟಲು ಹರಿದುಕೊಂಡದ್ದಕ್ಕೆ ಇಷ್ಟೇ.

ಈಗ ಹೇಳಲೇಬೇಕಾದ ಮಾತು. ಬಾಗಲಕೋಟೆಯವರು ಸಂಬಂಧ ನೋಡುವಾಗ, ನಿಮ್ಮ ಮನೆತನದಲ್ಲಿ ಉಡಿಕೆ ಆಗಿದೆಯೇ ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಮೊನ್ನೆ ಸಂಕ್ರಾಂತಿ ಮುಗಿದಮೇಲೆ ಆ ಬೀಗರ ಮನೆಯಲ್ಲಿಯೇ, ನನ್ನ ಅಳಿಯನ ಅಕ್ಕನಿಗೆ ಉಡಿಕೆಯಾಯಿತು. ಕರೆ ಬಂತು, ಹೋಗಿದ್ದೆ. ಹೋಳಿಗೆ ಊಟ. ಬೀಗರು, “ಕಾಲ ಬದಲಾಗೈತ್ರಿ ಮಾಸ್ತರ, ಹೆಣ್ಣಮಗಳು ಎಷ್ಟು ದಿನ ಕಣ್ಣೀರು ಹಾಕೋದು?” ಎಂದು ನನ್ನನ್ನೇ ಕೇಳಿದರು. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ ಶಂಕ್ರೆವ್ವ. ಎಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ಎಲ್ಲರೂ ಖಾರ ಹತ್ತಿತೆಂದು ತಿಳಿದರು.

ಆ ಗಂಟಿನ ಅರ್ಥ ನನಗೆ ಆಗ ಸರಿಯಾಗಿ ಹೊಳೆಯಲಿಲ್ಲ. ನಮೂನೆ ಎಂದೇ ತಿಳಿದೆ. ಇದನ್ನು ನಂಬು. ಈಗ ಪುಸ್ತಕದ ಜೊತೆ ನಾನೇ ಒಂದು ಎಲೆ ಅಡಿಕೆಯ ಗಂಟು ಕಟ್ಟಿ ಕಳುಹಿಸಿದ್ದೇನೆ. ನೀನು ಯಾರ ಹೆಸರು ಹೇಳಿದರೂ ನನ್ನ ಒಪ್ಪಿಗೆ ಇದೆ. ಯಾರ ಹೆಸರೂ ಇಲ್ಲದಿದ್ದರೆ ಇಲ್ಲಿಗೆ ಬಂದು ಇದ್ದುಬಿಡು. ಗಂಟು ಇಟ್ಟುಕೊಂಡರೆ ನನ್ನನ್ನು ಕ್ಷಮಿಸಿದೆ ಎಂದು ತಿಳಿಯುತ್ತೇನೆ.

ನಿನ್ನ ಅಣ್ಣ
ಶಿವಯೋಗೆಪ್ಪ


ತಿಕೋಟಾ
೨೦ ಫೆಬ್ರವರಿ ೧೯೪೯

ಅಣ್ಣನವರಿಗೆ ಶರಣು.

ಪುಸ್ತಕ ಬಂತು. ನಲವತ್ತೊಂದನೆಯ ಪುಟ ನೋಡಿದೆ. ಅಚ್ಚು ಚೆನ್ನಾಗಿದೆ.

ನಾನು ಹೆಸರು ಹೇಳಬೇಕಾದವರು ಈಗ ಇನ್ನೊಬ್ಬಳ ಗಂಡ. ರೇಣುಕವ್ವ ಹೋದ ತಿಂಗಳು ಸಂತೆಯಲ್ಲಿ ಸಿಕ್ಕಿದ್ದಳು, ಎತ್ತರ ಆಗಿದ್ದಾಳೆ. ಹೊಸ ತಾಯಿಯ ಸೆರಗು ಹಿಡಿದುಕೊಂಡಿದ್ದಳು. ನನ್ನನ್ನು ನೋಡಿ ಯಾರೋ ಎನ್ನುವಂತೆ ನಿಂತಳು. ಆ ತಾಯಿ ಒಳ್ಳೆಯವಳು. ಕೂಸು ಅವಳನ್ನು ಹಚ್ಚಿಕೊಂಡಿದೆ, ಅಷ್ಟು ಸಾಕು.

ಗಂಟನ್ನು ನಮೂನೆ ಎಂದು ತಿಳಿದೆ, ಬಿಚ್ಚಿ ಎಣಿಸಿದೆ ಎಂದು ಬರೆದಿರಿ. ಅದು ತಿರುಗಿ ಬಂದ ದಿನ ಎಲ್ಲರೂ ಹೋದಮೇಲೆ ನಾನು ಬಿಚ್ಚಿದೆ. ನಾನು ಹಾಕಿದ ಗಂಟು, ನಾನು ಹಾಕಿದ ಹಾಗೆಯೇ ಇತ್ತು. ಎಲೆಗಳ ನಡುವೆ ಒಂದು ಚೀಟಿ ಇಟ್ಟಿದ್ದೆ. ಅದು ಮಡಿಕೆ ಸಹ ಬಿಚ್ಚದೆ ಅಲ್ಲಿಯೇ ಇತ್ತು. ನೀವು ಬಿಚ್ಚಿಯೇ ಇರಲಿಲ್ಲ ಅಣ್ಣಾ.

ಬಿಚ್ಚದೆ ಐದು ಎಲೆ, ಎರಡು ಅಡಿಕೆ ಎಂದು ಹೇಗೆ ಬರೆದಿರಿ? ಎಷ್ಟು ಎಂದು ನಾನು ಬರೆದಿರಲಿಲ್ಲ. ಉಡಿಕೆಯ ಗಂಟಿನಲ್ಲಿ ಅಷ್ಟೇ ಇರುತ್ತವೆ ಎಂದು ಗೊತ್ತಿದ್ದವರು ಮಾತ್ರ ಹೇಳಬಲ್ಲರು. ನಮ್ಮ ಸೋದರತ್ತೆಯ ಉಡಿಕೆಯ ಗಂಟು ನಮ್ಮ ಮನೆಗೆ ಬಂದಾಗ ನಿಮಗೆ ಹತ್ತು ವರ್ಷವಂತೆ. ಅಪ್ಪ ಅದನ್ನು ನಿಮ್ಮ ಕೈಯಿಂದಲೇ ಬಿಚ್ಚಿಸಿ, ಎಣಿಸಿ, ಜಗುಲಿಯ ಮೇಲೆ ಇಡಿಸಿದರಂತೆ. ಅವ್ವ ಎಷ್ಟು ಸಲ ಹೇಳಿದ್ದಳು. ಆ ಅತ್ತೆಯ ಮಡಿಲಲ್ಲಿ ಬೆಳೆದವರು ನೀವು. ನಮ್ಮ ಮನೆತನದಲ್ಲಿ ಉಡಿಕೆ ಇಲ್ಲ ಎಂದು ಹೇಳುವಾಗ ಅವಳ ಮುಖ ನೆನಪಾಗಲಿಲ್ಲವೇ?

ಅಂದೇ ಕೇಳಬಹುದಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ, ನೋಡಿದವರು ಕಂಡೆನೆಂದು ಹೇಳಿದರೆ ನಾಚಿಕೆ ಇಬ್ಬರಿಗೂ. ಬರಹ ಕಲಿಸಿದ ಅಣ್ಣ ಸುಳ್ಳು ಬರೆದ ಎಂದು ನನ್ನ ಕೈಯಿಂದ ಬರೆಯಲು ಎರಡೂವರೆ ವರ್ಷ ಬೇಕಾಯಿತು.

ನೀವು ಈಗ ಕಳುಹಿಸಿದ ಗಂಟು ಬಂದಿದೆ. ನಾನು ಬಿಚ್ಚಿಲ್ಲ, ತಿರುಗಿಯೂ ಕಳುಹಿಸಿಲ್ಲ. ಗೋಡೆಯ ಮಾಡದಲ್ಲಿ ಇಟ್ಟಿದ್ದೇನೆ. ಎಲೆ ಒಣಗುತ್ತಿರಬೇಕು, ವಾಸನೆ ಬರುತ್ತದೆ. ಇದಕ್ಕೆ ಒಪ್ಪಿದಂತೆ ಎನ್ನುವುದಿಲ್ಲ, ಒಪ್ಪದಂತೆಯೂ ಎನ್ನುವುದಿಲ್ಲ. ಏನೆನ್ನುತ್ತಾರೆ ಎಂದು ನಿಮ್ಮ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ.

ಅಂದಿನ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಅದನ್ನು ಪುಸ್ತಕದ ಹಾಗೆ ಬರೆದಿರಲಿಲ್ಲ, ಅದಕ್ಕೆ ಸಿಟ್ಟು ಮಾಡಬೇಡಿರಿ. ನಿಮ್ಮ ಹೆಸರಿಗೆ ಬರೆದದ್ದು, ನಿಮ್ಮ ಹತ್ತಿರವೇ ಇರಲಿ. ಇದನ್ನಾದರೂ ಬಿಚ್ಚಿ ಓದಿರಿ.

ಶಂಕ್ರೆವ್ವ


(ಚೀಟಿ)

೨೧ ಆಗಸ್ಟ್ ೧೯೪೬

ಅಣ್ಣಾ, ಯಾರೂ ನನ್ನ ಕೇಳಿಲ್ಲ. ಅದಕ್ಕ ನಾನ ಹೇಳಾಕತ್ತೀನಿ. ನನಗ ಮನಸೈತಿ. ಗಂಟು ಇಟ್ಟಕೋ.